ಮೇಜರ್ ಅಜ್ಜನ ಕಲ್ಲು

೧೯೮೯, ಮೇ ೧೫, ಸೋಮವಾರ

ಅಜ್ಜನ ಕಾಲ ಬುಡದಲ್ಲಿ ಕೂತು ಒಬ್ಬ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಮೆಟ್ಟಿಲ ಮೇಲೆ ಊಟದ ಡಬ್ಬಿ, ಪಕ್ಕದಲ್ಲಿ ಚಹಾದ ಫ್ಲಾಸ್ಕು. ಸಾಲದ್ದಕ್ಕೆ ಅಜ್ಜನ ಕತ್ತಿಯ ತುದಿಗೆ ತನ್ನ ಮಳೆಕೋಟು ತೂಗುಹಾಕಿದ್ದ! ಬಸ್ಸಿನಿಂದ ಇಳಿದವಳು ಮನೆ ಕಡೆ ತಿರುಗದೆ ನೇರ ಅವನ ಮುಂದೆ ಹೋಗಿ ನಿಂತೆ.

"ಏನಪ್ಪಾ, ನಿಮ್ಮಜ್ಜಿ ಸಮಾಧಿ ಮೇಲೂ ಹಿಂಗೇ ಡಬ್ಬಿ ಬಿಚ್ಕೊಂಡು ಕೂರ್ತೀಯಾ?" ಎಂದೆ.

"ಇದು ಸಮಾಧಿ ಅಲ್ವಲ್ಲ ಮೇಡಂ, ಸ್ಮಾರಕ," ಎಂದ. ಬಾಯಲ್ಲಿ ಇನ್ನೂ ಮೊಟ್ಟೆ ಇತ್ತು.

ಹೆಸರು ಡೆಸ್ಮಂಡ್ ಪ್ರಿಂಗಲ್ ಅಂತೆ, ಜಿಲ್ಲಾ ಕೌನ್ಸಿಲಿನ ರಸ್ತೆ ವಿಭಾಗದವನಂತೆ. ಎದ್ದು ನಿಂತ, ಕೋಟು ತೆಗೆದ, ಕ್ಷಮಿಸಿ ಎಂದೂ ಹೇಳಿದ. ಆಮೇಲೆ ಅಳತೆ ಟೇಪು ಸುತ್ತಿಕೊಳ್ಳುತ್ತ, ಹವಾಮಾನದ ಸುದ್ದಿ ಹೇಳುವವನ ಹಾಗೆ, ವಿಷಯ ಉದುರಿಸಿದ.

"ಮರದ ದಿಮ್ಮಿ ಲಾರಿಗಳು ತಿರುಗೋಕೆ ಇಲ್ಲಿ ಜಾಗ ಸಾಲ್ತಿಲ್ಲ ಮೇಡಂ. ರಸ್ತೆ ಅಗಲ ಮಾಡ್ಬೇಕು. ಸ್ಮಾರಕಾನ ಮ್ಯೂಸಿಯಂ ಹಿಂದಿನ ಅಂಗಳಕ್ಕೆ ಸಾಗಿಸೋ ಯೋಚನೆ ಇದೆ. ಅಲ್ಲಿ ಮೇಲೆ ಶೀಟೂ ಹಾಕಿದ್ದಾರೆ, ಮಳೆ ಬೀಳಲ್ಲ."

ಮಳೆ ಬೀಳುವುದಿಲ್ಲವಂತೆ! ಎಂಬತ್ತೊಂಬತ್ತು ವರ್ಷ ಹೊಳೆಯ ದಡದಲ್ಲಿ ಗಾಳಿ ಮಳೆ ಕುಡಿದು ನಿಂತಿರುವ ಮನುಷ್ಯ ನಮ್ಮಜ್ಜ. ಮೇಜರ್ ರಾವಿರಿ ತೆ ಆಹುರೋವಾ. ಬಿಳಿಯರ ರಾಣಿಯಿಂದ ಕತ್ತಿ ಪಡೆದವನು. ಅವನನ್ನು ಹಳೇ ಹೊಲಿಗೆ ಮಷೀನು, ಮುರಿದ ನೇಗಿಲುಗಳ ಜೊತೆ ಶೀಟಿನ ಕೆಳಗೆ ನಿಲ್ಲಿಸುತ್ತಾರಂತೆ. ಅಜ್ಜನನ್ನು ಕದಲಿಸುವ ಮೊದಲು ಈ ಕರರೈನಾಳನ್ನು ಕದಲಿಸಲಿ ನೋಡೋಣ.

ಈ ನೋಟುಬುಕ್ಕನ್ನು ಅಡುಗೆಮನೆಯ ಸಾಮಾನು ಪಟ್ಟಿಗೆಂದು ತಂದದ್ದು. ಡಾಕ್ಟರಮ್ಮ ಕಳೆದ ವಾರ ರಕ್ತದೊತ್ತಡ ನೋಡಿ, "ಕೋಪ ಬಂದಾಗ ಜನರನ್ನ ಬೈಬೇಡಿ, ಬರೀರಿ," ಎಂದಳು. ಬರೆದಿದ್ದೇನೆ. ಏನೂ ಇಳಿದಂತಿಲ್ಲ.

ಮೇ ೧೮, ಗುರುವಾರ

ನಮ್ಮ ಮಾವೊರಿ ಮನೆತನದ ಸಭಾಂಗಳವಾದ ಮರಾಯೆಯಲ್ಲಿ ಎಲ್ಲರೂ ಸೇರಿದ್ದೆವು. ಜುಲೈ ಹನ್ನೆರಡಕ್ಕೆ ಕೌನ್ಸಿಲ್ ಹಾಲಿನಲ್ಲಿ ಅಹವಾಲು ಕೇಳುತ್ತಾರಂತೆ. ಮನೆತನದ ಪರವಾಗಿ ಒಬ್ಬರು, ಐದು ನಿಮಿಷ, ಇಂಗ್ಲಿಷಿನಲ್ಲಿ.

ಪಾವೊರಾ ಅಣ್ಣ ಕೋಲನ್ನು ನೆಲಕ್ಕೆ ಕುಟ್ಟಿದ. ನಮ್ಮಲ್ಲಿ ಮಾತಿಗೆ ನಿಲ್ಲುವವನು ಅವನೇ, ನಲವತ್ತು ವರ್ಷದಿಂದ. "ಐದು ನಿಮಿಷ ಅಂತೆ! ಐದು ನಿಮಿಷದಲ್ಲಿ ನಾನು ನಮ್ಮ ಬೆಟ್ಟಕ್ಕೆ ನಮಸ್ಕಾರ ಹೇಳಿ ಮುಗಿಸಿರಲ್ಲ, ಹೊಳೆಗೆ ಬರೋದು ಯಾವಾಗ, ಸತ್ತವರನ್ನ ನೆನೆಯೋದು ಯಾವಾಗ? ನಾನ್ ಹೋಗಲ್ಲ." ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಾಗಿನಿಂದ ಕೋಪ ಬಂದರೆ ಶಿಳ್ಳೆ ಹೊಡೆದಂತೆ ಕೇಳುತ್ತದೆ, ಪಾಪ. ಅದೂ ಒಂದು ಕಾರಣ ಇರಬಹುದು.

ಆಮೇಲೆ ನನ್ನ ಕಡೆ ತಿರುಗಿದ. "ನೀನೇ ಹೋಗೇ ಕರರೈನಾ. ಬೈಯೋಕೆ ನಿನಗೆ ಐದು ನಿಮಿಷ ಧಾರಾಳ."

ಎಲ್ಲರೂ ನಕ್ಕರು. ಮರಾಯೆಯ ಅಂಗಳದಲ್ಲಿ ಹೆಂಗಸರು ಎದ್ದು ಭಾಷಣ ಮಾಡುವ ಪದ್ಧತಿ ನಮ್ಮ ಕಡೆ ಇಲ್ಲ. ನನ್ನ ರಾಜ್ಯ ಹಿಂದಿನ ಅಡುಗೆಮನೆ. ಆದರೆ ಕೌನ್ಸಿಲ್ ಹಾಲು ಮರಾಯೆ ಅಲ್ಲವಲ್ಲ. ಒಪ್ಪಿಕೊಂಡೆ. "ಒಂದಂಗುಲ ಅಲ್ಲಾಡ್ಸಕ್ಕೆ ಬಿಡಲ್ಲ," ಎಂದೆ. "ನಿನ್ನ ಮಾತು ಮುಗಿದ ತಕ್ಷಣ ನಾವೆಲ್ಲ ಎದ್ದು ಹಾಡ್ತೀವಿ," ಎಂದ ಅಣ್ಣ. "ಹಾಡಿಲ್ಲದೆ ನಿನ್ನ ಮಾತನ್ನ ಬೆತ್ತಲೆ ಬಿಡ್ತೀವಾ?"

ಅಷ್ಟರಲ್ಲಿ ಅಣ್ಣನ ಮಗಳು ರಿಪೆಕಾ ಬಾಯಿ ಹಾಕಿದಳು. ಶಾಲೆಯಲ್ಲಿ ನಮ್ಮ ಭಾಷೆ ಕಲಿಸುತ್ತಾಳೆ, ಆದ್ದರಿಂದ ತನಗೆಲ್ಲ ಗೊತ್ತು ಎಂದುಕೊಂಡಿದ್ದಾಳೆ.

"ಸಾಗಿಸ್ಲಿ ಬಿಡಿ ಅತ್ತೆ. ಪೀಡೆ ತೊಲಗುತ್ತೆ."

"ಏನಂದೆ?"

"ಅದರ ಮೇಲೆ ಏನು ಬರೆದಿದೆ ಹೇಳಿ? 'ರಾಣಿಯ ನಿಷ್ಠಾವಂತ ಮಿತ್ರ, ಬಂಡಾಯವೆದ್ದ ಅನಾಗರಿಕರನ್ನು ಅಡಗಿಸಿದ ವೀರ.' ಆ ಅನಾಗರಿಕರು ಯಾರು ಅತ್ತೆ? ಹೊಳೆ ಮೇಲಿನವರು, ಮೇಲ್ದಂಡೆ ಊರಿನ ನಮ್ಮ ನೆಂಟರು. ಸಾವಿಗೆ ಬಂದಾಗ ನೀವು ಯಾರಿಗೆ ಬಡಿಸ್ತೀರೋ ಅವರೇ."

"ಆ ಬರಹ ಓದ್ಕೊಂಡೇ ಅಕ್ಷರ ಕಲಿತವಳು ನಾನು, ನೀನು ನನಗೆ ಓದಿ ಹೇಳ್ಬೇಡ," ಎಂದೆ. ಪ್ರತಿ ವರ್ಷ ಅಜ್ಜನ ದಿನದಂದು ಮೇಯರು ಹೂವಿನ ಚಕ್ರ ಇಡುವಾಗ ಮುಂದಿನ ಸಾಲಿನ ಕುರ್ಚಿ ನಮ್ಮದು. ಊರಿನಲ್ಲಿ ಇನ್ಯಾವ ಮಾವೊರಿ ಮನೆತನಕ್ಕೆ ಆ ಕುರ್ಚಿ ಕೊಟ್ಟಿದ್ದಾರೆ? ಆ ಹುಡುಗಿಗೆ ಅದು ಅರ್ಥವಾಗುವುದಿಲ್ಲ.

ಮೇ ೨೭, ಶನಿವಾರ

ಪತ್ರಿಕೆಯಲ್ಲಿ ಓದುಗರ ಪತ್ರ. ಹೊಳೆದಂಡೆಯ ಮೀನಂಗಡಿಗೆ ಹೋಗುವವರಿಗೆ ಸ್ಮಾರಕ ಅಡ್ಡವಾಗುತ್ತದೆ, ಹೊಳೆಯ ನೋಟ ಕೆಡಿಸುತ್ತದೆ ಎಂದು ಬರೆದಿದ್ದಾನೆ ಒಬ್ಬ ಮಹಾಶಯ. ಕರಿದ ಮೀನು ತಿನ್ನುವಾಗ ಇವನಿಗೆ ನಮ್ಮಜ್ಜನ ಬೆನ್ನು ಕಾಣಬಾರದಂತೆ!

ಪತ್ರಿಕೆಯನ್ನು ಒಲೆಗೆ ಹಾಕಿದೆ. ಆಮೇಲೆ ನೆನಪಾಯಿತು, ಅದರಲ್ಲಿ ಮರಣವಾರ್ತೆಯ ಪುಟ ಇನ್ನೂ ಓದಿರಲಿಲ್ಲ.

ಜೂನ್ ೧೧, ಭಾನುವಾರ

ಕೈ ಇನ್ನೂ ಕೆಂಪಾಗಿದೆ. ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಸಂದಿಯಿಂದ ಹೋಗಿಲ್ಲ.

ನಮ್ಮ ಮನೆತನದ ಮುದುಕ ಮತಿಯು ತೀರಿಕೊಂಡು ಇಂದಿಗೆ ಮೂರನೆಯ ದಿನ, ಮಣ್ಣು ಮಾಡುವ ದಿನ. ಹೊಳೆ ಮೇಲಿನವರೂ ಎರಡು ಬಸ್ಸು ಮಾಡಿಕೊಂಡು ಬಂದಿದ್ದರು. ಮುನ್ನೂರು ಜನಕ್ಕೆ ಅಡುಗೆ. ಬೆಳಿಗ್ಗೆ ಆರಕ್ಕೇ ನನ್ನ ತಲೆ ಕೆಟ್ಟಿತ್ತು. ಹೊಸದಾಗಿ ಬಂದ ಸೊಸೆಯೊಬ್ಬಳು ಪಾತ್ರೆ ಒರೆಸುವ ಬಟ್ಟೆ ತೆಗೆದು ಹಣೆಯ ಬೆವರು ಒರೆಸಿಕೊಂಡಳು. ನನ್ನ ಅಡುಗೆಮನೆಯಲ್ಲಿ! ತಲೆ ತಪು, ಅಂದರೆ ಪವಿತ್ರ, ಅದನ್ನು ಮುಟ್ಟಿದ್ದು ಅನ್ನಕ್ಕೆ ತಾಗಬಾರದು, ಅನ್ನ ಮುಟ್ಟಿದ್ದು ತಲೆಗೆ ತಾಗಬಾರದು. ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಬಟ್ಟೆ ಕಿತ್ತುಕೊಂಡು ಹೊರಗೆ ಬಿಸಾಡಿ, ಅವಳಿಗೆ ಮಂಗಳಾರತಿ ಎತ್ತಿದೆ.

ಏಳೂವರೆಗೆ ಯಾರೋ ಓಡಿ ಬಂದು ಹೇಳಿದರು, ಅಜ್ಜನ ತಲೆಗೆ ಯಾರೋ ಕೆಂಪು ಬಣ್ಣ ಸುರಿದಿದ್ದಾರೆ ಎಂದು.

ಮರಾಯೆಯ ಗೇಟು ದಾಟಿದರೆ ಅಜ್ಜ. ಓಡಿದೆ. ಬಕೆಟ್ಟು ಹಿಡಿದು, ಏಣಿ ಹಾಕಿಸಿ, ಅರವತ್ತಾರರ ಮಂಡಿಯಲ್ಲಿ ಮೇಲೆ ಹತ್ತಿದೆ. ಹಣೆ, ಕೆನ್ನೆಯ ಹಚ್ಚೆಯ ಗೆರೆಗಳು, ಕಣ್ಣು, ಎಲ್ಲದರ ಮೇಲೂ ಬಣ್ಣ ಇಳಿಯುತ್ತಿತ್ತು. ಒಂದು ಗಂಟೆ ಉಜ್ಜಿದೆ. ಪತ್ರಿಕೆಯವನು ಬಂದು ಫೋಟೋ ತೆಗೆದ. ತೆಗೆಯಲಿ, ಊರು ನೋಡಲಿ ಎಂದು ನಾನೂ ಮುಖ ಮರೆಮಾಡಲಿಲ್ಲ. ಕೆಳಗೆ ಹೊಳೆ ಮೇಲಿನ ಮುದುಕಿಯರು ಕಪ್ಪು ಬಟ್ಟೆಯಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು.

ವಾಪಸು ಬಂದರೆ ರಿಪೆಕಾ ಅಡುಗೆಮನೆಯಲ್ಲಿ ಗೆಣಸು ಸುಲಿಯುತ್ತ ಕೂತಿದ್ದಳು. ಎಲ್ಲರ ಮುಂದೆಯೇ ಕೇಳಿದೆ.

"ಪೀಡೆ ತೊಲಗ್ಲಿ ಅಂದವಳು ನೀನು. ಬಣ್ಣ ಎಲ್ಲಿ ತಂದೆ?"

ಅವಳು ಚಾಕು ಕೆಳಗಿಟ್ಟಳು. "ನಾನು ಅಂತೀರಾ ಅತ್ತೆ?"

"ಮತ್ತ್ಯಾರು? ಹೊಳೆಯಲ್ಲಿರೋ ಹಾವುಮೀನಾ?"

ಅವಳು ಕೈ ತೊಳೆದು ಹೊರಟುಹೋದಳು. ಗೆಣಸು ಅರ್ಧಕ್ಕೇ ನಿಂತಿತ್ತು. ತಪ್ಪು ಮಾಡಿಲ್ಲದವಳು ನಿಂತು ಜಗಳ ಆಡಬೇಕಿತ್ತು.

ಜೂನ್ ೧೩, ಮಂಗಳವಾರ

ಮೊದಲ ಪುಟದಲ್ಲೇ ಹಾಕಿದ್ದಾರೆ, ಮೂರು ಕಾಲಮ್ಮು ಅಗಲ. ನಾನು ಏಣಿಯ ಮೇಲೆ, ಅಜ್ಜನ ಕತ್ತಿನ ಸುತ್ತ ನನ್ನ ಎಡಗೈ. ಬಲಗೈಯಲ್ಲಿ, ಅಜ್ಜನ ಹಣೆಯ ಮೇಲೆ, ಚೌಕಳಿ ಅಂಚಿನ ಬಟ್ಟೆ.

ಆ ಬಟ್ಟೆ ನನಗೆ ಗೊತ್ತು. ಎರಡು ಡಜನ್ ನಾನೇ ಅಂಚು ಹೊಲಿದದ್ದು. ಮರಾಯೆಯಲ್ಲಿ ತಟ್ಟೆ ಒರೆಸುವ ಬಟ್ಟೆ. ಬಕೆಟ್ಟು ಕೂಡ ಪಾತ್ರೆ ತೊಳೆಯುವ ಬಕೆಟ್ಟು.

ಅಣ್ಣ ಫೋನು ಮಾಡಿದ. ಮೊದಲು ಬರೀ ಶಿಳ್ಳೆ ಕೇಳಿಸಿತು. ನಗುತ್ತಿದ್ದಾನೋ ಬೈಯುತ್ತಿದ್ದಾನೋ ಗೊತ್ತಾಗಲಿಲ್ಲ. "ಅಜ್ಜನ ಮುಖಾನ ಸಾರಿನ ತಟ್ಟೆ ಒರೆಸ್ದಂಗೆ ಒರೆಸಿದ್ದೀಯಲ್ಲೇ! ಇಡೀ ಜಿಲ್ಲೆ ನೋಡ್ತಿದೆ!"

"ಏನಾದ್ರೂ ಮಾಡು ಅಣ್ಣಾ," ಎಂದೆ. "ನೀರು ಹಾಕಿ, ಮಂತ್ರ ಹೇಳಿ ಸರಿ ಮಾಡು."

"ಏನಂತ ಹೇಳ್ಲಿ? ತಲೆಗೆ ಹೇಳೋದೇ ಬೇರೆ. ಅಜ್ಜನ ತಲೆ ಬೆಟ್ಟದ ಮೇಲೆ ಮಣ್ಣಲ್ಲಿದೆ. ಕಲ್ಲಿಗೆ ಹೇಳೋಕೆ ನನಗೆ ಯಾರೂ ಕಲಿಸಿಲ್ಲ." ಫೋನು ಇಟ್ಟ. ನಲವತ್ತು ವರ್ಷ ಮಾತಾಡಿದವನಿಗೆ ಬೇಕಾದಾಗ ಮಾತಿಲ್ಲ!

ಮಧ್ಯಾಹ್ನ ರಗ್ಬಿ ಕ್ಲಬ್ಬಿನ ಕ್ಯಾಪ್ಟನ್ ಒಂದು ಮೂಟೆ ಗೆಣಸು ಹೊತ್ತುಕೊಂಡು ಬಾಗಿಲಿಗೆ ಬಂದ. ಗಡ್ಡ ಬಂದ ಗಂಡಸು, ಟೊಪ್ಪಿ ಕೈಯಲ್ಲಿ ಹಿಂಡುತ್ತಿದ್ದ. ಶನಿವಾರ ಗೆದ್ದ ಖುಷಿಗೆ ತಂಡದ ಬಣ್ಣ ಬಳಿದರಂತೆ. "ನಾವು ವರ್ಷಾ ಏನಾದ್ರೂ ಮಾಡ್ತೀವಿ ಆಂಟಿ. ಹೋದ ವರ್ಷ ರಸ್ತೆ ಕೋನ್ ಇಟ್ಟಿದ್ವಿ ತಲೆ ಮೇಲೆ. ಯಾರೂ ಏನೂ ಅಂದಿರಲಿಲ್ಲ."

ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಗೆಣಸು ಇಟ್ಟುಕೊಂಡೆ.

ಜೂನ್ ೧೫, ಗುರುವಾರ

ಆಲೂಗಡ್ಡೆ ಹುಳಿಯಿಂದ ಉಬ್ಬಿಸಿದ ರೊಟ್ಟಿ ಸುಟ್ಟು ರಿಪೆಕಾಳ ಮನೆಗೆ ಹೋದೆ. ಕ್ಷಮೆ ಗಿಮೆ ಎಂದಲ್ಲ. ರೊಟ್ಟಿ ಚೆನ್ನಾಗಿ ಬಂದಿತ್ತು, ಒಬ್ಬಳೇ ಎಷ್ಟು ತಿನ್ನಲಿ?

ಅವಳು ಬೆಣ್ಣೆ ತಂದಳು, ಚಹಾ ಮಾಡಿದಳು. ಪತ್ರಿಕೆ ಮೇಜಿನ ಮೇಲೇ ಇತ್ತು, ಮಡಚಿಯೂ ಇರಲಿಲ್ಲ.

"ಬಣ್ಣ ನೀನು ಹಾಕಿದ್ದಲ್ಲ ಅಂತ ಗೊತ್ತಾಯ್ತು," ಎಂದೆ.

"ನನಗೆ ಮೊದಲೇ ಗೊತ್ತಿತ್ತು," ಎಂದಳು. ನಾಲಿಗೆ ನನ್ನದೇ, ಇನ್ನೆಲ್ಲಿಂದ ಬಂದೀತು.

ಆಮೇಲೆ ನನ್ನ ಗಂಡನ ವಿಷಯ ಎತ್ತಿದಳು, "ಅತ್ತೆ, ತಾಮಾತಿ ಮಾವ ತೀರಿಕೊಂಡಾಗ ಅವರ ಮುಖ ನೀವೇ ಒರೆಸಿದ್ರಿ. ಯಾವ ಬಟ್ಟೆ ತಗೊಂಡ್ರಿ?"

"ಅದಕ್ಕೇ ಅಂತ ಇಟ್ಟಿದ್ದ ಬಿಳಿ ಬಟ್ಟೆ. ಯಾಕೆ?"

"ಮೂರು ದಿನ ನಿದ್ದೆ ಇರಲಿಲ್ಲ ನಿಮಗೆ. ಅಳ್ತಾ ಇದ್ರಿ. ಆದ್ರೂ ಕೈ ತಪ್ಪಲಿಲ್ಲ. ಮೊನ್ನೆ ಯಾಕೆ ತಪ್ತು?"

"ಅವಸರದಲ್ಲಿ..."

"ಅವಸರ ಅಲ್ಲ ಅತ್ತೆ. ನಿಮ್ಮ ಕೈಗೆ ಗೊತ್ತಿತ್ತು, ಅದು ತಲೆ ಅಲ್ಲ, ಕಲ್ಲು ಅಂತ. ನಿಮಗೆ ಹೇಳೋ ಧೈರ್ಯ ಇರಲಿಲ್ಲ ಅಷ್ಟೆ ಅದಕ್ಕೆ."

ರೊಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ಇಪ್ಪತ್ತೇಳು ವರ್ಷದ ಹುಡುಗಿ ನನ್ನ ಕೈಗೆ ಏನು ಗೊತ್ತು ಎಂದು ನನಗೆ ಹೇಳುತ್ತಾಳೆ! ಕೈ ನನ್ನದು. ಅಡುಗೆಮನೆ ನನ್ನದು. ಅರವತ್ತಾರು ವರ್ಷದಲ್ಲಿ ಒಂದು ಸಲವೂ ಆ ಬಟ್ಟೆ ಯಾರ ಮುಖಕ್ಕೂ ತಾಗಿದ್ದಿಲ್ಲ, ಒಂದು ಸಲವೂ ಇಲ್ಲ.

ಜೂನ್ ೧೬, ಶುಕ್ರವಾರ

ಬಟ್ಟೆ ಸುಟ್ಟೆ. ಬಕೆಟ್ಟು ತೋಟಕ್ಕೆ ಹಾಕಿದೆ. ಭಾಷಣ ಬರೆಯಲು ಕೂತೆ, ಬರಲಿಲ್ಲ.

ಜೂನ್ ೨೨, ಗುರುವಾರ

ಪೇಟೆಯಿಂದ ಬರುವಾಗ ಬಸ್ಸು ತುಂಬಿತ್ತು. ಹೊಳೆ ಮೇಲಿನ ಹಾರಾತಾ ಅಕ್ಕನ ಪಕ್ಕ ಮಾತ್ರ ಜಾಗ. ಎಂಬತ್ತನಾಲ್ಕು ಅವಳಿಗೆ. ಅಂದು ಏಣಿಯ ಕೆಳಗೆ ನಿಂತು ನೋಡಿದವರಲ್ಲಿ ಅವಳೂ ಒಬ್ಬಳು. ಕೂತೆ, ನಮ್ಮ ಪದ್ಧತಿಯಂತೆ ವಂದನೆಗೆ ಮೂಗಿಗೆ ಮೂಗು ತಾಗಿಸಿದೆವು, ಅವಳು ತನ್ನ ಸಂಧಿವಾತದ ಕತೆ ಹೇಳಿದಳು, ನಾನು ನನ್ನದು ಹೇಳಿದೆ.

ಬಸ್ಸು ಹೊಳೆದಂಡೆಗೆ ಬಂದಾಗ ಅವಳು ಮಾತಿನ ನಡುವೆಯೇ ಮುಖವನ್ನು ಗುಡ್ಡದ ಕಡೆ ತಿರುಗಿಸಿಬಿಟ್ಟಳು. ಕಲ್ಲು ದಾಟಿದ ಮೇಲೆ ಮತ್ತೆ ಈ ಕಡೆ ತಿರುಗಿ ಸಂಧಿವಾತ ಮುಂದುವರಿಸಿದಳು.

"ಏನಕ್ಕಾ ಅದು?" ಎಂದೆ.

"ಯಾವುದು? ಓ, ಅದಾ. ಬಸ್ಸು ಬಂದಾಗಿನಿಂದ ನಾನು ಗುಡ್ಡದ ಕಡೆ ಸೀಟಲ್ಲೇ ಕೂರೋದು. ಅದಕ್ಕೆ ಮುಂಚೆ ಗಾಡೀಲಿ ಅಮ್ಮ ನಮ್ಮ ಮುಖಕ್ಕೆ ಶಾಲು ಮುಚ್ಚೋಳು."

ನನಗೆ ರೇಗಿತು. "ಯುದ್ಧ ಅಂದ್ಮೇಲೆ ಎರಡೂ ಕಡೆ ಸಾಯ್ತಾರೆ ಅಕ್ಕಾ. ನಮ್ಮಜ್ಜ ಒಬ್ಬನೇ ಏನೂ..."

"ನಾನು ಅವನ ಬಗ್ಗೆ ಏನಾದ್ರೂ ಅಂದ್ನಾ?" ಎಂದಳು ಅವಳು. "ಅವನ ತಾಯಿ ನಮ್ಮೂರವಳು. ಅವನು ಸರ್ಕಾರದ ಸಿಪಾಯಿಗಳ ಜೊತೆ ನಮ್ಮ ಕೋಟೆಗೆ ನುಗ್ಗಿದ ದಿನ ಒಳಗೆ ಸತ್ತವರಲ್ಲಿ ಇಬ್ಬರು ಅವನ ಸೋದರಮಾವಂದಿರು. ನಮ್ಮಪ್ಪಂಗೆ ಆಗ ಐದು ವರ್ಷ. ಬಂದೂಕು ನಿಂತ ಮೇಲೆ ಗೆಣಸು ತುಂಬಿಡೋ ಗುಂಡಿಯಿಂದ ಹೊರಗೆ ಬಂದ. ನೋಡಿದ್ರೆ ನಿಮ್ಮಜ್ಜ ಅಂಗಳದಲ್ಲಿ ಮಾವಂದಿರ ಹೆಣಗಳ ನಡುವೆ ಕೂತಿದ್ದ. ಸಿಪಾಯಿಗಳು ಏಳಪ್ಪಾ ಹೋಗೋಣ ಅಂದ್ರೆ ಏಳಲ್ಲ. ಮೂರು ದಿನ. ಅನ್ನ ಇಲ್ಲ, ನೀರಿಲ್ಲ. ಅಪ್ಪ ಸಾಯೋವರೆಗೂ ಅದನ್ನೇ ಹೇಳ್ತಿದ್ದ. ನಿಮ್ಮ ಕಲ್ಲಿನ ಮೇಲೆ ಅದನ್ನ ಬರೆದಿದ್ದಾರಾ?"

ಬರೆದಿಲ್ಲ. ನಾಲ್ಕೂ ಮುಖ ನನಗೆ ಬಾಯಿಪಾಠ. ಅದನ್ನು ಬರೆದಿಲ್ಲ.

ನಾನು ಇಳಿಯುವ ಜಾಗ ದಾಟಿಹೋಗಿತ್ತು. ಎರಡು ಮೈಲಿ ನಡೆದು ಬಂದೆ. ಡ್ರೈವರ್ ಕೂಗಬಾರದಿತ್ತೇ? ವಾರಕ್ಕೆರಡು ಸಲ ನನ್ನನ್ನು ಇಳಿಸುತ್ತಾನೆ, ಕಣ್ಣು ಕಾಣುವುದಿಲ್ಲವೇ ಅವನಿಗೆ?

ಜೂನ್ ೨೭, ಮಂಗಳವಾರ

ಅಣ್ಣನ ಮನೆಯಲ್ಲಿ ಅಪ್ಪನ ತಗಡಿನ ಪೆಟ್ಟಿಗೆ ಇದೆ. ಭಾಷಣಕ್ಕೆ ಏನಾದರೂ ಸಿಕ್ಕೀತು ಎಂದು ಹೋದೆ. ಅಣ್ಣ ಕೀಲಿ ಕೊಡಲು ಗೊಣಗಿದ. "ಇಲಿ ತಿಂದಿವೆ, ಏನೂ ಇಲ್ಲ ಅದರಲ್ಲಿ." ನಾನು ಬಿಡುವವಳಲ್ಲ ಎಂದು ಅವನಿಗೆ ಗೊತ್ತು.

ಇಲಿ ಏನನ್ನೂ ತಿಂದಿಲ್ಲ. ಅಜ್ಜ ಸರ್ಕಾರಕ್ಕೆ ಬರೆದ ಪತ್ರಗಳ ನಕಲುಗಳಿವೆ, ನಮ್ಮ ಭಾಷೆಯಲ್ಲಿ, ಅವನದೇ ಕೈಬರಹ. ಹೊಳೆದಂಡೆಯ ನಲವತ್ತು ಎಕರೆ ಅವನದು. ರಸ್ತೆಗೆ, ದೋಣಿ ದಕ್ಕೆಗೆ, ಸಾರ್ವಜನಿಕ ಕೆಲಸಕ್ಕೆ ಎಂದು ಸರ್ಕಾರ ಕಿತ್ತುಕೊಂಡಿತು. ಯಾವ ಸರ್ಕಾರಕ್ಕಾಗಿ ಸೋದರಮಾವಂದಿರ ಮೇಲೆ ಬಂದೂಕು ಎತ್ತಿದನೋ ಅದೇ ಸರ್ಕಾರ. "ನನ್ನ ನೆಲ ನನಗೆ ಕೊಡಿ" ಎಂದು ಹದಿನಾರು ವರ್ಷ ಬರೆದಿದ್ದಾನೆ. ಉತ್ತರಗಳೂ ಇವೆ, ಎಲ್ಲವೂ ಎರಡೆರಡು ಸಾಲು: ತಮ್ಮ ಪತ್ರ ತಲುಪಿತು, ತಮ್ಮ ವಿಧೇಯ ಸೇವಕ.

ಕೊನೆಯ ಪತ್ರ ಹೀಗಿದೆ: "ಈ ಪತ್ರದ ಜೊತೆ ಕತ್ತಿಯನ್ನು ಕಳಿಸಿದ್ದೇನೆ. ಇದನ್ನು ಹಿಡಿದ ಕೈಯನ್ನು ಕಳಿಸಲು ದಾರಿಯಿದ್ದರೆ ಅದನ್ನೂ ಕಳಿಸುತ್ತಿದ್ದೆ."

ಅವನು ಸತ್ತ ಎರಡು ವರ್ಷಕ್ಕೆ, ಅವನಿಂದ ಕಿತ್ತುಕೊಂಡ ನೆಲದ ಮೇಲೆಯೇ ಅವನ ಕಲ್ಲು ನಿಲ್ಲಿಸಿದರು. ಅವನು ವಾಪಸು ಕೊಟ್ಟ ಕತ್ತಿಯನ್ನು ಕಲ್ಲಿನ ಕೈಗೆ ಕೊಟ್ಟು ನಿಲ್ಲಿಸಿದರು! ಸತ್ತವನು ಬೇಡ ಎನ್ನಲು ಬರುವುದಿಲ್ಲವಲ್ಲ. ನಾಚಿಕೆ ಇಲ್ಲದ ಜನ. ಈಗ ಆ ನೆಲವನ್ನು ಮತ್ತೊಮ್ಮೆ ಕಿತ್ತುಕೊಂಡು ಲಾರಿ ತಿರುಗಿಸುತ್ತಾರಂತೆ.

"ನಿನಗೆ ಗೊತ್ತಿತ್ತಾ?" ಎಂದು ಅಣ್ಣನನ್ನು ಕೇಳಿದೆ.

"ಅಪ್ಪ ಹೇಳಿದ್ದ."

"ಮತ್ತೆ ಇಷ್ಟು ವರ್ಷ?"

"ಹೇಳ್ಬೇಡ ಅಂತಾನೂ ಹೇಳಿದ್ದ. ಏನು ಮಾಡ್ಬೇಕಿತ್ತು ಕರರೈನಾ? ಮೇಯರು ಹೂವಿಡೋ ದಿನ ಎದ್ದು ನಿಂತು ಇದನ್ನ ಓದ್ಬೇಕಿತ್ತಾ? ಆ ಕುರ್ಚಿನೂ ಹೋಗೋದು. ಈ ಊರಲ್ಲಿ ಬೇರೆ ಏನಿತ್ತೇ ನಮಗೆ? ನೀನೂ ವರ್ಷಾ ಹೊಸ ಟೊಪ್ಪಿ ಕೊಳ್ತಿದ್ದೆ ಅದಕ್ಕೆ."

ಪೆಟ್ಟಿಗೆಯನ್ನು ಎತ್ತಿಕೊಂಡು ಬಂದೆ. ಅಣ್ಣ ತಡೆಯಲಿಲ್ಲ. ಟೊಪ್ಪಿಯ ಮಾತು ಎತ್ತುವ ಅಗತ್ಯ ಏನಿತ್ತು?

ಜುಲೈ ೪, ಮಂಗಳವಾರ

ರಿಪೆಕಾ ಸಂಜೆ ಬಂದು ಪತ್ರಗಳನ್ನು ಓದಿದಳು. ಹಳೆಯ ಪದಗಳು ಕೆಲವು ನನಗೆ ತಿಳಿಯದವು ಅವಳಿಗೆ ತಿಳಿದವು. ಕತ್ತಿಯ ಪತ್ರವನ್ನು ಎರಡು ಸಲ ಓದಿದಳು. ನಾನು ಎದ್ದು ಹೋಗಿ ಒಲೆಗೆ ಸೌದೆ ಹಾಕಿದೆ. ಸೌದೆ ಬೇಕಿರಲಿಲ್ಲ.

"ಏನ್ ಮಾತಾಡ್ತೀರಾ ಅತ್ತೆ ಹನ್ನೆರಡನೇ ತಾರೀಕು?"

"ಗೊತ್ತಿಲ್ಲ," ಎಂದೆ. ಅವಳು ಏನೂ ಉಪದೇಶ ಮಾಡಲಿಲ್ಲ. ಹುಷಾರಿಲ್ಲವೋ ಏನೋ ನನ್ನ ಹುಡುಗಿಗೆ.

ಜುಲೈ ೧೨, ಬುಧವಾರ

ಕೂತು ಎಲ್ಲವನ್ನೂ ಬರೆದಿಡುತ್ತೇನೆ.

ಹಾಲು ತುಂಬಿತ್ತು. ಎದುರಿನ ಉದ್ದ ಮೇಜಿನ ಹಿಂದೆ ಏಳು ಜನ, ನಡುವೆ ಕನ್ನಡಕದ ಅಧ್ಯಕ್ಷೆ, ಅವಳ ಮುಂದೆ ಗಂಟೆ. ಬಲಗಡೆ ನಮ್ಮ ಮನೆತನ, ಹೆಂಗಸರು ಕಪ್ಪು ಸ್ಕರ್ಟು ಹಾಕಿ ಹಾಡಿಗೆ ತಯಾರಾಗಿ ಕೂತಿದ್ದರು. ಮೇಜರನನ್ನು ಹೊಗಳುವ ನಮ್ಮ ಹಾಡು, ವರ್ಷವರ್ಷ ಮೇಯರಿಗೆ ಹಾಡುವುದು. ಹಿಂದಿನ ಬಾಗಿಲ ಹತ್ತಿರ ಹೊಳೆ ಮೇಲಿನವರು ಇಪ್ಪತ್ತು ಮಂದಿ. ಅವರನ್ನು ಯಾರೂ ಕರೆದಿರಲಿಲ್ಲ, ಮಾತಾಡುವವರ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ. ಪ್ರಿಂಗಲ್ ನಕ್ಷೆ ತೂಗುಹಾಕಿ ಲಾರಿಗಳ ತಿರುವು ತೋರಿಸಿದ. ಆಮೇಲೆ ನನ್ನ ಹೆಸರು ಕೂಗಿದರು.

"ನಿಮ್ಮ ಸ್ಮಾರಕ ಸಾಗಿಸಬೇಕೋ ಬೇಡವೋ ಅಂತ ಕೇಳ್ತಿದ್ದೀರಿ," ಎಂದೆ. "ಸಾಗಿಸ್ಕೊಳ್ಳಿ."

ನಮ್ಮ ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಕಲ್ಲು ನಿಮ್ಮದು. ನೀವು ಕೆತ್ತಿಸಿದ್ದು, ನಿಮ್ಮ ಮಾತು ಅದರ ಮೇಲೆ. ನಮ್ಮಜ್ಜ ವಾಪಸ್ ಕಳಿಸಿದ ಕತ್ತೀನೂ ನಿಮ್ಮದೇ. ಆ ಕಲ್ಲು ನಮ್ಮ ನೆಂಟರನ್ನ ಅನಾಗರಿಕರು ಅನ್ನುತ್ತೆ, ಅದರ ಮುಂದೆ ನಾನು ಅರವತ್ತು ವರ್ಷ ಹೊಸ ಬಟ್ಟೆ ಹಾಕ್ಕೊಂಡು ಕೂತಿದ್ದೀನಿ. ಸಾಕು. ಮ್ಯೂಸಿಯಂಗಾದ್ರೂ ಹಾಕಿ, ನಿಮ್ಮ ಮನೆ ಅಂಗಳಕ್ಕಾದ್ರೂ ಹಾಕಿ. ಆದರೆ ನೆಲ ಅವನದು. ಇಲ್ಲಿ ಅವನ ಕೈಯಲ್ಲೇ ಬರೆದ ಪತ್ರಗಳಿವೆ. ಕಲ್ಲು ತಗೊಂಡ್ ಹೋಗಿ, ನೆಲ ಬಿಟ್ಟು ಹೋಗಿ. ಒಂದು ಲಾರಿ ಅದರ ಮೇಲೆ ತಿರುಗೋ ಹಾಗಿಲ್ಲ."

ಅಧ್ಯಕ್ಷೆ ಕನ್ನಡಕ ತೆಗೆದಳು. "ನೆಲದ ಒಡೆತನ ಇವತ್ತಿನ ವಿಷಯಪಟ್ಟಿಯಲ್ಲಿಲ್ಲ."

"ಇಲ್ದಿದ್ರೆ ಸೇರಿಸ್ಕೊಳ್ಳಿ. ಪೆನ್ನು ಕೈಯಲ್ಲೇ ಇದೆಯಲ್ಲ," ಎಂದೆ. ಪತ್ರಗಳನ್ನು ಮೇಜಿನ ಮೇಲೆ ಇಟ್ಟೆ. ಅವಳು ಗಂಟೆ ಬಾರಿಸಿದಳು.

ಹಾಡಿಗೆ ಕಾಯುತ್ತ ನಿಂತೆ.

ನಮ್ಮವರು ಏಳಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಅಣ್ಣ ತನ್ನ ಬೂಟು ನೋಡುತ್ತಿದ್ದ. ಒಂದಂಗುಲ ಅಲ್ಲಾಡಿಸಲು ಬಿಡಲ್ಲ ಎಂದು ಹೋದವಳು ಕಲ್ಲನ್ನೇ ಕೊಟ್ಟುಬಂದಳು, ಇವಳಿಗೆ ಏನೆಂದು ಹಾಡುವುದು? ಮೇಜರನ ಹೊಗಳಿಕೆಯನ್ನು ಈಗ ಹಾಡಲಾದರೂ ಹೇಗೆ? ನನಗೆ ಅದೆಲ್ಲ ಅರ್ಥವಾಯಿತು. ಆದರೂ ಮಾತು ಮುಗಿಸಿ, ಹಿಂದೆ ಯಾರೂ ಇಲ್ಲದೆ, ಬಿಳಿಯರ ಎದುರು ಒಬ್ಬಳೇ ನಿಲ್ಲುವುದಿದೆಯಲ್ಲ, ಅಂಥ ಅವಮಾನ ನಮ್ಮ ಗಂಡಸರಿಗೂ ಆದದ್ದು ನಾನು ನೋಡಿರಲಿಲ್ಲ. ರಿಪೆಕಾ ಒಬ್ಬಳು ಎದ್ದು ಬಂದು ಪಕ್ಕ ನಿಂತಳು. ಅವಳಿಗೂ ಯಾವ ಹಾಡು ಎಂದು ತೋಚಲಿಲ್ಲ. ಅಧ್ಯಕ್ಷೆ ಮುಂದಿನವರ ಹೆಸರು ಓದಲು ಹಾಳೆ ತಿರುಗಿಸಿದಳು.

ಆಗ ಬಾಗಿಲ ಕಡೆಯಿಂದ ಒಂದು ಮುದಿ ದನಿ ಎದ್ದಿತು. ಹಾರಾತಾ ಅಕ್ಕ. ಕೋಲೂರಿ ನಿಂತಿದ್ದಳು, ಕಣ್ಣು ಮುಚ್ಚಿಕೊಂಡು. ಎರಡನೆಯ ಸಾಲಿಗೆ ಅವಳ ಜನ ಎಲ್ಲರೂ ಎದ್ದು ಸೇರಿಕೊಂಡರು. ನಡೆಯುತ್ತ, ಹಾಡುತ್ತ, ಕುರ್ಚಿಗಳ ನಡುವಿನ ದಾರಿಯಲ್ಲಿ ಬಂದು ನನ್ನ ಬೆನ್ನಿಗೆ ನಿಂತರು. ನನ್ನ ಮಾತಿಗೆ ಅವರು ಹಾಡಿದರು, ನಮ್ಮಜ್ಜ ಕೊಂದವರ ಮೊಮ್ಮಕ್ಕಳು.

ಅದು ಕೋಟೆ ಬಿದ್ದ ದಿನದ ಅಳುಹಾಡು. ನಾನು ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಮುಂದೆ ಅವರು ಅದನ್ನು ಯಾಕೆ ಹಾಡಿಯಾರು? ಸತ್ತವರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತ ಹೋಗುತ್ತದೆ. ಎರುವೆರಾ, ಎಲ್ಲಿಗೆ ಹೋದೆಯೋ. ತೆ ವಾತಾ, ನಿನ್ನ ದೋಣಿ ಖಾಲಿ ಇದೆಯೋ. ಪಿರಿಹಿರಾ, ಮಗು ಅಳುತ್ತಿದೆಯೇ. ಅಜ್ಜನ ಸೋದರಮಾವಂದಿರ ಹೆಸರು ಬಂದಾಗ ರಿಪೆಕಾ ನನ್ನ ತೋಳು ಹಿಡಿದಳು. ಅಣ್ಣ ಯಾವಾಗ ಎದ್ದು ನಿಂತನೋ ನೋಡಲಿಲ್ಲ. ಅವನ ಶಿಳ್ಳೆ ಉಸಿರು ನನ್ನ ಕಿವಿಯ ಹತ್ತಿರ ಕೇಳುತ್ತಿತ್ತು.

ಹೆಸರುಗಳು ಮುಗಿದವು ಎಂದುಕೊಂಡೆ. ಹಾರಾತಾ ಅಕ್ಕ ಉಸಿರು ತೆಗೆದುಕೊಂಡು ಇನ್ನೊಂದು ಹೆಸರು ಕರೆದಳು.

ತೆ ಆಹುರೋವಾ, ನಮ್ಮ ಮಗಳ ಮಗನೇ, ಅಂಗಳದಿಂದ ಏಳೋ.

ಆ ದಿನ ಸತ್ತವರ ಜೊತೆಗೇ ನಮ್ಮಜ್ಜನನ್ನೂ ಸೇರಿಸಿ ಅವರು ಅತ್ತಿದ್ದಾರೆ, ನೂರಿಪ್ಪತ್ತನಾಲ್ಕು ವರ್ಷ. ನಾವು ಅವನಿಗಾಗಿ ಒಂದು ದಿನವೂ ಅತ್ತಿರಲಿಲ್ಲ.